ಲೋ, ಲೇ, ರೀ: ಗಂಡು ಹೆಣ್ಣಿನ ನಡುವಿನ ಪಡ್ಡೆಮಾತು

ಗಂಡು ಹೆಣ್ಣಿನ ನಡುವೆ ಗೌರವ ಎಷ್ಟು, ಸಲುಗೆ ಎಷ್ಟು ಎಂಬುದು ಕನ್ನಡದಲ್ಲಿ ಬಾಯಿ ತೆರೆದ ಕೂಡಲೇ ಗೊತ್ತಾಗಿಬಿಡುತ್ತದೆ. ನೀನು ಅಥವಾ ನೀವು, ಬಾ ಅಥವಾ ಬನ್ನಿ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳದೆ ಯಾರನ್ನೂ ಮಾತಾಡಿಸಲು ಬರುವುದಿಲ್ಲ. ಅದಕ್ಕೆ ಕಣೋ, ಕಣೇ, ಕಣ್ಲಾ, ಕಣಮ್ಮಿ, ಕಣ್ರೀ ಸೇರಿಕೊಳ್ಳುತ್ತವೆ. ಇವುಗಳ ಜೊತೆಗೆ ಮಗಾ, ಗುರು, ಮಚ್ಚಾ, ಬ್ರೋ, ಡವ್, ಫಿಗರ್ ಮುಂತಾದ ಪಡ್ಡೆಮಾತುಗಳು ಪ್ರತಿ ತಲೆಮಾರಿಗೂ ಹೊಸದಾಗಿ ಹುಟ್ಟುತ್ತವೆ. ಇವುಗಳಲ್ಲಿ ಕೆಲವು ಇಬ್ಬರನ್ನು ಹತ್ತಿರ ತರುತ್ತವೆ, ಕೆಲವು ಗೌರವವನ್ನು ಸವೆಸುತ್ತವೆ, ಇನ್ನು ಕೆಲವು ಯಾರು ಯಾರಿಗೆ ಹೇಳಿದರು ಎಂಬುದರ ಮೇಲೆ ಎರಡೂ ಆಗಬಲ್ಲವು.

ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಈ ಬಗೆಬಗೆಯ ಮಾತುಗಳು ದಿನವೂ ಎದುರುಬದುರಾಗುತ್ತವೆ. ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಇರುವುದು ಇಲ್ಲೇ. 615 ಎಕರೆ ಜಾಗದಲ್ಲಿ 2016ರ ಜನವರಿ 3ರಂದು ಅದಕ್ಕೆ ಶಂಕುಸ್ಥಾಪನೆಯಾಯಿತು, 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ತೆಂಗು, ಅಡಿಕೆ, ರಾಗಿಯ ಸೀಮೆಯ ಹುಡುಗ ಹುಡುಗಿಯರು, ಬೆಂಗಳೂರಿನವರು, ಕನ್ನಡ ಬಾರದ ದೂರದ ರಾಜ್ಯಗಳವರು ಒಂದೇ ಸೂರಿನಡಿ ಸೇರುವ ಇಂಥ ಕಡೆ ಯಾರನ್ನು ಹೇಗೆ ಕರೆಯಬೇಕು ಎಂಬ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಆ ಸೀಮೆಯ ನಿವೃತ್ತ ಕನ್ನಡ ಮೇಷ್ಟ್ರೊಬ್ಬರ ಮತ್ತು ಕೆಲಸಕ್ಕೆ ಹೋಗುವ ಯುವತಿಯೊಬ್ಬಳ ನಡುವಿನ ಸಂವಾದ ಇದು.

ಯುವತಿ: ಪಡ್ಡೆಮಾತು ಆಡುವ ಗಂಡಸಿಗೆ ಹೆಂಗಸರ ಮೇಲೆ ಗೌರವವಿಲ್ಲ ಎನ್ನುತ್ತಾರಲ್ಲ ಮೇಷ್ಟ್ರೇ, ಅದು ನಿಜವೇ?

ಮೇಷ್ಟ್ರು: ಅರ್ಧ ನಿಜ ಕಣಮ್ಮ. ಊರಮಾತು ಯಾವುದು, ಪಡ್ಡೆಮಾತು ಯಾವುದು ಎಂದು ಮೊದಲು ಬೇರೆ ಮಾಡಿಕೊಳ್ಳಬೇಕು. ನಮ್ಮ ಕಡೆ ‘ಎಲ್ಲಿಗ್ಲಾ ಓಗಿದ್ದೆ’, ‘ಯಾಕಮ್ಮಿ ಸುಮ್ನಿದ್ದೀಯ’ ಎಂದರೆ ಅದು ಪಡ್ಡೆಮಾತಲ್ಲ. ಅಜ್ಜಿ ಮೊಮ್ಮಗನಿಗೆ ಹೇಳುವ ಮಾತು, ಅಣ್ಣ ತಂಗಿಗೆ ಹೇಳುವ ಮಾತು. ಹಕಾರ ಬಿಟ್ಟರೆ, ಲಾ ಸೇರಿಸಿದರೆ ಒರಟು ಎಂದು ಪೇಟೆಯ ಕಿವಿಗೆ ಕೇಳಿಸುತ್ತದೆ. ವಿಲಿಯಂ ಬ್ರೈಟ್ ಎಂಬ ಅಮೆರಿಕದ ಭಾಷಾವಿಜ್ಞಾನಿ 1960ರಲ್ಲಿ ಬೆಂಗಳೂರು ಕಡೆಯ ಬ್ರಾಹ್ಮಣರ ಮಾತನ್ನೂ ಒಕ್ಕಲಿಗರ ಮಾತನ್ನೂ ಹೋಲಿಸಿ ಬರೆದರು. ಆಮೇಲೆ ಎ.ಕೆ. ರಾಮಾನುಜನ್ ಅವರೊಂದಿಗೆ ಸೇರಿ ಆ ವಿಚಾರವನ್ನು ಮುಂದುವರಿಸಿದರು. ಒಂದು ಜಾತಿಯ ಮಾತು ಇನ್ನೊಂದರ ಕೆಟ್ಟ ರೂಪವಲ್ಲ, ಎರಡೂ ತಮ್ಮ ತಮ್ಮ ದಾರಿಯಲ್ಲಿ ಬದಲಾಗುತ್ತ ಬಂದಿವೆ ಎಂಬುದು ಅದರಿಂದ ತಿಳಿಯುತ್ತದೆ.

ಯುವತಿ: ತಿಳಿದವರಿಗೆ ಅದು ಸರಿ. ಸೆಳೆತದ ವಿಷಯಕ್ಕೆ ಬಂದರೆ ಹಾಗೆ ನಡೆಯುವುದಿಲ್ಲ. ಹುಡುಗಿಯರ ಗುಂಪು ಎದುರಾದ ಕೂಡಲೇ ಹಳ್ಳಿಯ ಹುಡುಗ ಲಾ ಬಿಟ್ಟು ಇಂಗ್ಲಿಷ್ ಬೆರೆಸಲು ತೊಡಗುತ್ತಾನೆ. ಹುಡುಗಿಯೂ ಅಷ್ಟೇ, ಮನೆಯಲ್ಲಿ ಆಡುವ ಮಾತನ್ನು ಬಸ್ ಹತ್ತುವಾಗಲೇ ಬದಲಿಸುತ್ತಾಳೆ. ‘ಅವನು ತುಂಬಾ ಲೋಕಲ್’ ಎಂಬ ಒಂದೇ ಮಾತು ಸಾಕು, ಒಬ್ಬ ಹುಡುಗನನ್ನು ಲೆಕ್ಕದಿಂದಲೇ ತೆಗೆದುಹಾಕಲು.

ಮೇಷ್ಟ್ರು: ಆ ‘ಲೋಕಲ್’ ಎಂಬುದೇ ನಿಜವಾದ ಪಡ್ಡೆಮಾತು, ಮತ್ತು ಅದರಲ್ಲಿ ಗೌರವದ ಕೊರತೆ ಲಾ ಎಂಬುದರಲ್ಲಿ ಇರುವುದಕ್ಕಿಂತ ಹೆಚ್ಚು. ನಮ್ಮ ರಂಗಭೂಮಿ, ಸಿನಿಮಾ ಎರಡೂ ಈ ಭೇದವನ್ನು ಬಹಳ ಕಾಲ ಸಾಕಿದವು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯನ್ನೇ ತೆಗೆದುಕೋ. ‘ಸದಾರಮೆ’ ನಾಟಕದಲ್ಲಿ ಗುಬ್ಬಿ ವೀರಣ್ಣನವರ ಕಳ್ಳನ ಪಾತ್ರ ಮನೆಮಾತಾಗಿತ್ತು. ಪ್ರೇಮಿಸುವ ನಾಯಕನಿಗೆ ಗ್ರಂಥದ ಕನ್ನಡ, ನಗಿಸುವ ಕಳ್ಳನಿಗೆ ಬೀದಿಯ ಕನ್ನಡ ಎಂಬುದು ಆ ಕಾಲದ ಕಂಪನಿ ನಾಟಕಗಳ ರೂಢಿ. ಜನ ಕಾದು ಕೂತು ನೋಡುತ್ತಿದ್ದುದು ಕಳ್ಳನನ್ನೇ. ಆದರೂ ಹೆಣ್ಣಿನ ಮನಸ್ಸು ಗೆಲ್ಲುವ ಭಾಷೆ ಆ ಮಾತಲ್ಲ ಎಂಬ ನಂಬಿಕೆ ಉಳಿಯಿತು. ಮಂಡ್ಯದ ಮಾತಾಡುವ ಹುಡುಗನೇ ನಾಯಕನಾಗಿ ಪ್ರೀತಿಸುವ ‘ಕಿರಾತಕ’ ಸಿನಿಮಾ ಬಂದದ್ದು 2011ರಲ್ಲಿ.

ಯುವತಿ: ಕಾವ್ಯದಲ್ಲೂ ಹೀಗೆಯೇ ಇತ್ತೇ?

ಮೇಷ್ಟ್ರು: ಕಾವ್ಯ ಈ ಭೇದವನ್ನು ಮುಂಚೆಯೇ ದಾಟಿತ್ತು. ಜಿ.ಪಿ. ರಾಜರತ್ನಂ ಅವರ ‘ರತ್ನನ್ ಪದಗಳು’ ಇದಕ್ಕೆ ದೊಡ್ಡ ಸಾಕ್ಷಿ. ಹೆಂಡ ಕುಡಿಯುವ ರತ್ನ ವ್ಯಾಕರಣಕ್ಕೆ ಸಿಗದ ಮಾತಿನಲ್ಲಿ ಹೆಂಡತಿ ನಂಜಿಯನ್ನು ಕುರಿತು ಹಾಡುತ್ತಾನೆ. ಅವನದು ಪೂರ್ತಿ ಏಕವಚನ. ಅದರಲ್ಲಿ ಅವಳನ್ನು ಕೀಳುಮಾಡುವ ಒಂದು ಉಸಿರೂ ಇಲ್ಲ. ಹೆಂಡ, ಹೆಂಡತಿ, ಕನ್ನಡ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಪ್ರೀತಿಸಿದವನು ಅವನು. 1942ರಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಬಂತು. ಅದರ ಗಂಡ ಹೆಂಡಿರ ಮಾತು ನಯದ್ದು, ತಿಳಿಯಾದದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದವರಿಗೆ ಒಂದು ವಿಷಯ ಹೊಳೆಯುತ್ತದೆ: ಗೌರವ ಮಾತಿನ ನಯದಲ್ಲಿ ಮಾತ್ರ ಇರುವುದಿಲ್ಲ.

ಯುವತಿ: ಹಾಗಾದರೆ ಎಲ್ಲಿರುತ್ತದೆ?

ಮೇಷ್ಟ್ರು: ಆಡಿದ ಮಾತನ್ನು ಅವಳು ತಿರುಗಿಸಿ ಆಡಬಹುದೇ ಎಂಬುದರಲ್ಲಿ. ಗಂಡ ‘ಲೇ, ಬಾರೇ ಇಲ್ಲಿ’ ಎನ್ನುತ್ತಾನೆ. ಹೆಂಡತಿ ‘ಬಂದೆ ರೀ’ ಎನ್ನುತ್ತಾಳೆ. ಅವಳು ‘ಲೋ, ನೀನೇ ಬಾರೋ’ ಎಂದರೆ ಅತ್ತೆಮನೆಯಲ್ಲಿ ರಂಪವಾಗುತ್ತದೆ. ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬಿಬ್ಬರು 1960ರಲ್ಲಿ ಯೂರೋಪಿನ ಭಾಷೆಗಳ ಇಂಥ ನೀನು-ನೀವುಗಳನ್ನು ಅಧ್ಯಯನ ಮಾಡಿ ಎರಡು ಬಗೆಗಳನ್ನು ಗುರುತಿಸಿದರು. ಒಬ್ಬರು ನೀನು ಎಂದು ಇನ್ನೊಬ್ಬರು ನೀವು ಎಂದರೆ ಅಲ್ಲಿ ಮೇಲು ಕೀಳಿದೆ. ಇಬ್ಬರೂ ನೀನು ಎಂದರೆ ಅಲ್ಲಿ ಆತ್ಮೀಯತೆಯಿದೆ. ನಮ್ಮಲ್ಲಿ ಇದನ್ನು ಹೇಳಲು ಯಾವ ಅಧ್ಯಯನಕ್ಕೂ ಕಾಯಬೇಕಾಗಿರಲಿಲ್ಲ. 12ನೇ ಶತಮಾನದಲ್ಲೇ ಬಸವಣ್ಣನವರು ಒಬ್ಬರನ್ನು ಕರೆಯುವ ಪದವನ್ನು ಆಚಾರದ ಅಳತೆಯಾಗಿ ಎತ್ತಿ ಹೇಳಿದ್ದರು.

ಯುವತಿ: ಮೇಷ್ಟ್ರೇ, ಈಗ ನೀವು ನನಗೆ ನೀನು ಎನ್ನುತ್ತಿದ್ದೀರಿ, ನಾನು ನಿಮಗೆ ನೀವು ಎನ್ನುತ್ತಿದ್ದೇನೆ.

ಮೇಷ್ಟ್ರು: ಅದು ವಯಸ್ಸಿನ ಲೆಕ್ಕ. ನಿನ್ನ ತಮ್ಮ ಬಂದರೂ ನೀನು ಎಂದೇ ಕರೆಯುತ್ತೇನೆ, ಅವನೂ ನೀವು ಎಂದೇ ಅನ್ನುತ್ತಾನೆ. ಆದರೆ ಓರಗೆಯ ಗಂಡು ಹೆಣ್ಣಿನ ನಡುವೆ ಈ ಏಣಿ ನಿಂತರೆ ಅದು ವಯಸ್ಸಿನದ್ದಲ್ಲ. ಕಚೇರಿಯಲ್ಲಿ ಜೊತೆಗಾರನನ್ನು ‘ಬನ್ನಿ ಸರ್’ ಎಂದು ಕರೆದು, ಅದೇ ಹುದ್ದೆಯ ಹೆಣ್ಣುಮಗಳನ್ನು ‘ಬಾಮ್ಮ’ ಎಂದರೆ ಅಲ್ಲಿ ಏನೋ ಕಡಿಮೆಯಾಗಿದೆ. ಅಮ್ಮ ಸೇರಿದ್ದರಿಂದ ಅದು ಗೌರವದಂತೆ ಕಾಣುತ್ತದೆ, ಆದರೆ ಕ್ರಿಯಾಪದ ಏಕವಚನದಲ್ಲೇ ಉಳಿದಿರುತ್ತದೆ.

ಹಳೇ ಮೈಸೂರು ಸೀಮೆಯಲ್ಲಿ ಹೆಂಡತಿ ಗಂಡನ ಹೆಸರು ಹೇಳದೆ ‘ನಮ್ಮೆಜಮಾನ್ರು’, ‘ನಮ್ಮನೆಯವರು’ ಎನ್ನುವುದು ಇಂದಿಗೂ ಇದೆ. ಗಂಡ ಹೆಂಡತಿಯನ್ನು ‘ಲೇ’, ‘ಇವಳೇ’ ಎಂದು ಕರೆಯುವುದೂ ಇದೆ. ಈಗಿನ ಎಳೆಯ ದಂಪತಿಗಳಲ್ಲಿ ಮೂರು ಪದ್ಧತಿಗಳು ಕಾಣುತ್ತವೆ. ಇಬ್ಬರೂ ಹೆಸರು ಹಿಡಿದು ಏಕವಚನದಲ್ಲಿ ಕರೆಯುವುದು, ಇಬ್ಬರೂ ಬಹುವಚನ ಬಳಸುವುದು, ಒಳಗೆ ಏಕವಚನ ಬಳಸಿ ಹಿರಿಯರೆದುರು ಅವಳೊಬ್ಬಳೇ ಬಹುವಚನಕ್ಕೆ ಹೊರಳುವುದು. ಹೊರಳುವ ಭಾರ ಅವಳ ಮೇಲೇ ಬಿದ್ದಿರುವುದು ಮೂರನೆಯ ಪದ್ಧತಿಯ ದೋಷ.

ಯುವತಿ: ಪ್ರೀತಿ ಶುರುವಾಗುವಾಗಲೂ ಒಂದು ಹೊರಳು ಇರುತ್ತದೆ. ಮೊದಲು ನೀವು, ನಿಮ್ಮ. ಒಂದು ದಿನ ಅದು ನೀನು ಆಗುತ್ತದೆ. ಆ ದಿನವನ್ನು ಇಬ್ಬರೂ ಮರೆಯುವುದಿಲ್ಲ.

ಮೇಷ್ಟ್ರು: ಅದನ್ನು ಮೊದಲು ಯಾರು ಮಾಡುತ್ತಾರೆ?

ಯುವತಿ: ಹುಡುಗನೇ ಮಾಡಿಬಿಟ್ಟರೆ, ಅದೂ ಎರಡನೇ ಭೇಟಿಯಲ್ಲೇ ‘ಏನೇ’ ಎಂದರೆ, ಸಲುಗೆ ಕೇಳದೆ ತೆಗೆದುಕೊಂಡಂತೆ. ಹುಡುಗಿಗೆ ಹಿಂದೆ ಸರಿಯಬೇಕೆನಿಸುತ್ತದೆ. ‘ನೀನು ಅಂತ ಕರೀಬಹುದಾ’ ಎಂದು ಕೇಳಿದವನ ಮೇಲೆ ಮನಸ್ಸು ಮೂಡುವುದು ಅವನು ಕೇಳಿದ್ದಕ್ಕೇ. ಅವಳೇ ಮೊದಲು ‘ಹೋಗೋ’ ಎಂದರಂತೂ ಬಾಗಿಲು ತೆರೆದ ಹಾಗೆಯೇ. ಹುಡುಗರಿಗೆ ಇದು ಚೆನ್ನಾಗಿ ಗೊತ್ತು.

ಮೇಷ್ಟ್ರು: ಬಾಗಿಲು ಮುಚ್ಚುವ ಮಾತುಗಳೂ ಇವೆಯಲ್ಲ.

ಯುವತಿ: ‘ಅಣ್ಣಾ’. ಬಸ್ಸಿನ ಕಂಡಕ್ಟರ್, ಆಟೋದವರು, ಅಂಗಡಿಯವರು, ಮೇಲಿನ ವರ್ಷದ ಹುಡುಗರು, ಎಲ್ಲರಿಗೂ ಅಣ್ಣ ಎಂದುಬಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ‘ಅಣ್ಣ ಅಂದ್ಬಿಟ್ಲು ಮಗಾ’ ಎಂದು ಹುಡುಗರು ಪೇಚಾಡುತ್ತಾರೆ. ಹುಡುಗಿಯರಿಗೆ ಅದು ತಮಾಷೆಯಲ್ಲ, ದಾರಿಯಲ್ಲಿ ನಡೆಯಲು ಬೇಕಾದ ರಕ್ಷಣೆ. ಈಗ ‘ಬ್ರೋ’ ಎಂಬುದೂ ಸ್ವಲ್ಪ ಮಟ್ಟಿಗೆ ಇದೇ ಕೆಲಸ ಮಾಡುತ್ತಿದೆ. ಗಂಡಸರು ಹೆಂಗಸರಿಗೆ ಬಳಸುವ ‘ಅಕ್ಕ’ ಒಳ್ಳೆಯದೇ. ‘ಆಂಟಿ’ಯ ಕಥೆ ಬೇರೆ. ಎಳೆಯ ಮಕ್ಕಳ ಬಾಯಲ್ಲಿ ಅದು ಬರೀ ಸಂಬಂಧ. ಪಡ್ಡೆಗಳ ಬಾಯಲ್ಲಿ ಅದೇ ಪದ ಮದುವೆಯಾದ ಹೆಣ್ಣಿನ ಮೈಯನ್ನು ಅಳೆಯುವ ಮಾತಾಗಿದೆ.

ಮೇಷ್ಟ್ರು: ಇನ್ನೊಂದು ವಿಚಿತ್ರ ಗಮನಿಸಿದ್ದೀಯಾ? ಮಗಳನ್ನು ಮುದ್ದಿಸುವಾಗ ಅಪ್ಪ ಅಮ್ಮ ‘ಬಾರೋ ಪುಟ್ಟಾ’ ಎನ್ನುತ್ತಾರೆ. ಗೆಳೆಯರು ಗೆಳತಿಯನ್ನು ‘ಏನೋ, ಊಟ ಆಯ್ತೇನೋ’ ಎನ್ನುತ್ತಾರೆ. ಹೆಣ್ಣಿಗೆ ಗಂಡಿನ ಪ್ರತ್ಯಯ ಹಚ್ಚಿದರೆ ಅದು ಪ್ರೀತಿ, ಒಂದು ಮೆಟ್ಟಿಲು ಮೇಲೇರಿಸಿದಂತೆ. ಗಂಡಿಗೆ ‘ಬಾರೇ, ಹೋಗೇ’ ಎಂದರೆ ಹಂಗಿಸಿದಂತೆ. ಗುಂಪಿನಲ್ಲಿ ಒಬ್ಬ ಹುಡುಗನನ್ನು ಕುಗ್ಗಿಸಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಹೆಣ್ಣಾಗುವುದೇ ಕೀಳು ಎಂಬ ಎಣಿಕೆ ಆ ಒಂದು ಏಕಾರದಲ್ಲಿ ಕೂತಿದೆ. ಮುದ್ದಿನ ‘ಬಾರೋ’ವನ್ನು ಬಿಡಬೇಕಿಲ್ಲ. ಹಂಗಿಸುವ ‘ಬಾರೇ’ಯನ್ನು ಶಾಲೆಯಲ್ಲೇ ತಡೆಯಬೇಕು.

ಇದುವರೆಗಿನದು ಎದುರಿಗಿರುವವರನ್ನು ಕರೆಯುವ ಮಾತು. ಎದುರಿಗಿಲ್ಲದವರ ಬಗ್ಗೆ ಆಡುವ ಪಡ್ಡೆಮಾತು ಇನ್ನೊಂದು ಬಗೆ, ಮತ್ತು ಗೌರವಕ್ಕೆ ನಿಜವಾದ ಪೆಟ್ಟು ಬೀಳುವುದು ಅಲ್ಲಿ. ಟೀ ಅಂಗಡಿಯ ಮುಂದೆ, ಬಸ್ ನಿಲ್ದಾಣದಲ್ಲಿ, ಹಾಸ್ಟೆಲಿನ ಕೋಣೆಯಲ್ಲಿ ಗಂಡುಹುಡುಗರು ಹೆಣ್ಣಿನ ಬಗ್ಗೆ ತಮ್ಮತಮ್ಮಲ್ಲಿ ಆಡುವ ಮಾತು ಅದು.

ಯುವತಿ: ‘ಫಿಗರ್’, ‘ಐಟಂ’, ‘ಪೀಸು’. ಮೂರೂ ವಸ್ತುಗಳ ಹೆಸರು. ಅಂಗಡಿಯಲ್ಲಿ ಕೇಳಬಹುದಾದ ಹೆಸರು.

ಮೇಷ್ಟ್ರು: ಅವು ಎರವಲು ಬಂದವು. ನಮ್ಮದೇ ನುಡಿಗಟ್ಟುಗಳನ್ನು ನೋಡು. ಕಾಳು ಹಾಕುವುದು, ಗಾಳ ಹಾಕುವುದು, ಬಲೆಗೆ ಬೀಳಿಸುವುದು, ಬುಟ್ಟಿಗೆ ಹಾಕಿಕೊಳ್ಳುವುದು. ಕೊನೆಗೆ ‘ಬಿದ್ಲು ಕಣೋ’. ಆರಂಭದಿಂದ ಕೊನೆಯವರೆಗೆ ಹಕ್ಕಿ ಹಿಡಿಯುವವನ, ಮೀನು ಹಿಡಿಯುವವನ ಭಾಷೆ. ಇದರಲ್ಲಿ ಅವಳು ಒಪ್ಪಿದಳು ಎಂಬುದಕ್ಕೆ ಒಂದು ಮಾತೂ ಇಲ್ಲ. ಒಪ್ಪಿಗೆಯೇ ಇಲ್ಲದ ಭಾಷೆಯಲ್ಲಿ ಪ್ರೀತಿಯ ಮಾತಾಡಿಕೊಂಡು ಬೆಳೆದವನು, ಅವಳು ಬೇಡ ಎಂದಾಗ ಅದನ್ನು ಉತ್ತರವೆಂದು ಕೇಳಿಸಿಕೊಳ್ಳುವುದಿಲ್ಲ. ಕಾಳು ಸಾಲಲಿಲ್ಲ ಎಂದುಕೊಳ್ಳುತ್ತಾನೆ.

ಯುವತಿ: ಹುಡುಗಿಯರ ಕಡೆಯ ಮಾತನ್ನೂ ಹೇಳಬೇಕು. ದಿಟ್ಟಿಸಿ ನೋಡುವವನನ್ನು ‘ಜೊಲ್ಲು ಪಾರ್ಟಿ’ ಎನ್ನುತ್ತಾರೆ. ‘ಗೂಬೆ’, ‘ಲೋಫರ್’ ಎನ್ನುತ್ತಾರೆ. ನೋವು ಅದರಿಂದಲೂ ಆಗುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ಜೊಲ್ಲು ಪಾರ್ಟಿ ಎಂಬುದು ಅವನು ಮಾಡಿದ ಕೆಲಸಕ್ಕೆ ಇಟ್ಟ ಹೆಸರು. ಫಿಗರ್ ಎಂಬುದು ಅವಳು ಏನೂ ಮಾಡದಿದ್ದರೂ ಅಂಟುವ ಹೆಸರು. ಇನ್ನು ‘ಪೋಲಿ’, ‘ತರಲೆ’ ಎಂಬವು ಬೈಗುಳವೂ ಹೌದು, ಮುದ್ದೂ ಹೌದು. ಅವಳು ನಗುತ್ತ ‘ತರ್ಲೆ’ ಎಂದರೆ ಅವನಿಗೆ ಅದು ಬಿರುದು.

ಮೇಷ್ಟ್ರು: ‘ತರ್ಲೆ ನನ್ಮಗ’ ಎಂಬ ಹೆಸರಿನ ಸಿನಿಮಾವೇ 1992ರಲ್ಲಿ ಬಂತು. ಉಪೇಂದ್ರ ಅವರ ನಿರ್ದೇಶನದ ಮೊದಲ ಚಿತ್ರ. ನಾಯಕ ಜಗ್ಗೇಶ್ ನಮ್ಮ ಜಿಲ್ಲೆಯವರೇ, 2008ರಲ್ಲಿ ತುರುವೇಕೆರೆಯಿಂದ ಶಾಸಕರಾದವರು. ಊರ ಮಾತಿನ ಚುರುಕು, ನಗಿಸುವ ಶಕ್ತಿ ಹುಡುಗನಿಗೆ ಸೌಂದರ್ಯಕ್ಕಿಂತ ದೊಡ್ಡ ಬಂಡವಾಳ ಎಂದು ಆ ಬಗೆಯ ಚಿತ್ರಗಳು ತೋರಿಸಿದವು. ಅದು ಸುಳ್ಳಲ್ಲ. ಅದರ ಜೊತೆಗೇ ದ್ವಂದ್ವಾರ್ಥದ ಮಾತೂ ಕನ್ನಡ ಸಿನಿಮಾದಲ್ಲಿ ಬೆಳೆಯಿತು. ಹೆಣ್ಣು ಎದುರಿಗೆ ನಿಂತು ಕೇಳಿಸಿಕೊಳ್ಳಬೇಕು, ಅರ್ಥವಾಗದವಳಂತೆ ಇರಬೇಕು, ಗಂಡಸರು ನಗಬೇಕು ಎಂಬ ಏರ್ಪಾಡು ಅದು.

ಯುವತಿ: ರೌಡಿಗಳ ಭಾಷೆಯೂ ಸಿನಿಮಾದಿಂದಲೇ ಬಂದದ್ದೇ?

ಮೇಷ್ಟ್ರು: ಬೆಂಗಳೂರಿನ ಬೀದಿಯಲ್ಲಿ ಮೊದಲೇ ಇತ್ತು. ಸಿನಿಮಾ ಅದನ್ನು ಹಳ್ಳಿಹಳ್ಳಿಗೆ ತಲುಪಿಸಿತು. 1995ರ ‘ಓಂ’ ಚಿತ್ರದಲ್ಲಿ ನಿಜವಾದ ರೌಡಿಗಳೇ ನಟಿಸಿದ್ದರು. ಅಲ್ಲಿಂದ 2005ರ ‘ಜೋಗಿ’ಯವರೆಗೆ ಲಾಂಗು ಮಚ್ಚಿನ ಜೊತೆ ‘ಮಗಾ’ ಎಂಬುದೂ ಗಂಡಸುತನದ ಗುರುತಾಯಿತು. ಈಗ ಆ ಮಗಾ ಸವೆದು ನಯವಾಗಿದೆ. ಕಾಲೇಜಿನ ಹುಡುಗಿಯರೂ ಪರಸ್ಪರ ಮಗಾ ಎನ್ನುತ್ತಾರೆ. ಪದವೊಂದು ಇಬ್ಬರ ಬಾಯಿಗೂ ಬಂದಾಗ ಅದರ ವಿಷ ಇಳಿಯುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಬೈಗುಳಗಳ ವಿಷಯದಲ್ಲಿ ಮಾತ್ರ ಹಾಗೆ ಹೇಳಲಾಗದು. ಗಂಡಸು ಗಂಡಸನ್ನು ಬೈಯುವಾಗ ಬಳಸುವ ಪದಗಳಲ್ಲಿ ಬಹುಪಾಲು ಹೆಣ್ಣನ್ನೇ ಮುಟ್ಟುತ್ತವೆ. ತುಮಕೂರು ಸೀಮೆಯಲ್ಲಿ ‘ಮುಂಡೇಮಗ’, ‘ಬೋಳಿಮಗ’ ಎಂಬವು ಸಿಟ್ಟಿಗೂ ಸಲುಗೆಗೂ ದಿನಬಳಕೆಯ ಮಾತು. ಹೆಂಗಸರ ಬಾಯಲ್ಲೂ ಅವು ಬರುತ್ತವೆ. ಎರಡೂ ಗಂಡ ಸತ್ತವಳನ್ನು ಕುರಿತವು, ಎರಡನೆಯದು ಅವಳ ತಲೆ ಬೋಳಿಸುತ್ತಿದ್ದ ಕ್ರೂರ ಪದ್ಧತಿಯನ್ನು ಇನ್ನೂ ಹೊತ್ತುಕೊಂಡಿದೆ. ಇವು ಇಬ್ಬರ ಬಾಯಲ್ಲೂ ಇದ್ದರೂ ಪೆಟ್ಟು ಬೀಳುವುದು ಒಂದೇ ಕಡೆಗೆ. ಆದ್ದರಿಂದ ತಿರುಗಿಸಿ ಆಡಬಹುದೇ ಎಂಬ ಪರೀಕ್ಷೆಯೊಂದೇ ಸಾಲದು, ಮಾತಿನ ಭಾರ ಯಾರ ಮೇಲೆ ಬೀಳುತ್ತದೆ ಎಂದೂ ನೋಡಬೇಕಾಗುತ್ತದೆ.

ಯುವತಿ: ಹೆಣ್ಣುಮಗಳು ಬಂದಳೆಂದರೆ ಗಂಡಸರ ಗುಂಪು ತಟ್ಟನೆ ಮಾತು ನಿಲ್ಲಿಸುತ್ತದೆ. ‘ಹೆಣ್ಮಕ್ಕಳಿದ್ದಾರೆ, ಮಾತು ನೋಡ್ಕೊಂಡು’ ಎನ್ನುತ್ತಾರೆ. ಅದನ್ನು ಗೌರವ ಎನ್ನಬಹುದೇ?

ಮೇಷ್ಟ್ರು: ಅದರಲ್ಲಿ ಮರ್ಯಾದೆ ಇದೆ, ಇಲ್ಲವೆನ್ನಲಾರೆ. ನಾಚಿಕೆಯಾದರೂ ಉಳಿದಿದೆ ಎಂದು ಸಮಾಧಾನ ಪಡಬಹುದು.

ಯುವತಿ: ಆ ಮೌನ ಹೆಣ್ಣುಮಗಳಿಗೆ ಬೇರೆ ರೀತಿ ಕೇಳಿಸುತ್ತದೆ ಮೇಷ್ಟ್ರೇ. ಅವಳಿಲ್ಲದಾಗ ಅಲ್ಲಿ ಏನು ಮಾತು ನಡೆಯುತ್ತಿತ್ತು ಎಂದು ಅದೇ ತಿಳಿಸಿಬಿಡುತ್ತದೆ. ಕೆಲಸದ ಜಾಗದಲ್ಲಿ ಅದು ಇನ್ನೂ ತೊಡಕು. ಯಂತ್ರದ ವಿಷಯ, ಪಾಳಿಯ ವಿಷಯ, ಬಡ್ತಿಯ ವಿಷಯ ಎಲ್ಲವೂ ಆ ಗುಂಪಿನಲ್ಲೇ ಮೊದಲು ತಿಳಿಯುವುದು. ಅವಳು ಬಂದರೆ ಗುಂಪು ಚದುರುತ್ತದೆ, ಸುದ್ದಿಯೂ ಚದುರುತ್ತದೆ. ಅವಳೆದುರು ಆಡಲಾಗದ ಮಾತನ್ನು ಹಿಂದೆಯೂ ಆಡದಿದ್ದರೆ ಮೌನದ ಅಗತ್ಯವೇ ಬೀಳುವುದಿಲ್ಲ.

ಮೇಷ್ಟ್ರು: ಒಪ್ಪಿದೆ. ನಾಚಿಕೆ ಉಳಿದಿದೆ ಎಂದು ಸಮಾಧಾನ ಪಡುವುದು ಗಂಡಸರಿಗೆ ಸುಲಭ, ಹೊರಗೆ ಉಳಿದವಳಿಗಲ್ಲ.

ಯುವತಿ: ಸೆಳೆತದ ಲೆಕ್ಕದಲ್ಲೂ ಇದು ಬರುತ್ತದೆ. ಹುಡುಗ ತನ್ನೊಡನೆ ಎಷ್ಟು ನಯವಾಗಿ ಮಾತಾಡಿದ ಎಂಬುದನ್ನು ಹುಡುಗಿ ಪೂರ್ತಿ ನಂಬುವುದಿಲ್ಲ. ಹೋಟೆಲಿನಲ್ಲಿ ಮೇಜು ಒರೆಸುವ ಹುಡುಗನನ್ನು ಹೇಗೆ ಕರೆದ, ಫೋನಿನಲ್ಲಿ ಅಮ್ಮನಿಗೆ ಏನಂದ, ಹಿಂದಿನ ಗೆಳತಿಯ ಬಗ್ಗೆ ಯಾವ ಪದ ಬಳಸಿದ, ಇವನ್ನು ಕೇಳಿಸಿಕೊಳ್ಳುತ್ತಾಳೆ. ಹಿಂದಿನವಳನ್ನು ಐಟಂ ಎಂದವನು ನಾಳೆ ತನ್ನನ್ನೂ ಹಾಗೆಯೇ ಅನ್ನುತ್ತಾನೆ ಎಂದು ಅವಳಿಗೆ ಗೊತ್ತು.

ಮಾತಿಗೆ ಕಾನೂನಿನ ಗಡಿಯೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಂ ಪ್ರಕಾರ ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದಿಂದ ಆಡಿದ ಮಾತು, ಮಾಡಿದ ಸದ್ದು, ಸನ್ನೆಗೆ ಮೂರು ವರ್ಷದವರೆಗೆ ಸಾದಾ ಸೆರೆವಾಸ ಮತ್ತು ದಂಡ ವಿಧಿಸಬಹುದು. ಲೈಂಗಿಕ ಬಣ್ಣದ ಮಾತು 75ನೇ ಕಲಮಿನಡಿ ಕಿರುಕುಳವೇ ಆಗುತ್ತದೆ. ಕೆಲಸದ ಜಾಗದ ಲೈಂಗಿಕ ಕಿರುಕುಳ ಕುರಿತ 1997ರ ವಿಶಾಖಾ ತೀರ್ಪಿನ ಬೆನ್ನಿಗೆ 2013ರಲ್ಲಿ ಬಂದ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಜನ ದುಡಿಯುವ ಪ್ರತಿ ಜಾಗದಲ್ಲೂ ದೂರು ಕೇಳುವ ಆಂತರಿಕ ಸಮಿತಿ ಇರಬೇಕು, ಹಿರಿಯ ಮಹಿಳಾ ಉದ್ಯೋಗಿ ಅದರ ಮುಖ್ಯಸ್ಥೆಯಾಗಬೇಕು. ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೊರತಂದ ಕೈಪಿಡಿಯೊಂದು ‘ಈವ್ ಟೀಸಿಂಗ್’ ಎಂಬ ಮಾತನ್ನು ಬಿಟ್ಟು ‘ಬೀದಿಯ ಲೈಂಗಿಕ ಕಿರುಕುಳ’ ಎಂದೇ ಹೇಳಬೇಕೆಂದು ಸೂಚಿಸಿತು. ಕನ್ನಡ ಪತ್ರಿಕೆಗಳ ‘ಚುಡಾಯಿಸಿದ’ ಎಂಬ ಪದಕ್ಕೂ ಈ ಮಾತು ಅನ್ವಯಿಸುತ್ತದೆ. ಅಪರಾಧವನ್ನು ಆಟದಂತೆ ತೋರಿಸುವ ಪದ ಅದು.

ಮೇಷ್ಟ್ರು: ಹೊರಗಿನಿಂದ ಬಂದು ಕನ್ನಡ ಕಲಿಯುವವರ ಪಾಡೇನು?

ಯುವತಿ: ಅವರಿಗೆ ಮೊದಲು ಕಲಿಸುವುದೇ ‘ಗುರು’, ‘ಮಗಾ’, ‘ಬಾರೋ’, ಮತ್ತೆ ಒಂದೆರಡು ಬೈಗುಳ. ಜೊತೆಯ ಹುಡುಗರು ತಮಾಷೆಗೆ ಕಲಿಸುತ್ತಾರೆ. ಅರ್ಥ ತಿಳಿಯದೆ ಅವರು ಅದನ್ನೇ ಹೆಂಗಸರಿಗೆ ಹೇಳುತ್ತಾರೆ. ಹಿಂದಿಯಲ್ಲಿ ತೂ, ತುಮ್, ಆಪ್ ಎಂದು ಮೂರು ಮೆಟ್ಟಿಲು. ನಡುವಿನ ತುಮ್‌ಗೆ ಕನ್ನಡದಲ್ಲಿ ಜಾಗವಿಲ್ಲ. ಹಾಗಾಗಿ ಸ್ನೇಹದಿಂದಲೇ ‘ಬಾ, ಕೂತ್ಕೋ’ ಎಂದದ್ದು ನಮ್ಮ ಹೆಂಗಸರ ಕಿವಿಗೆ ಅವಮಾನವಾಗಿ ಕೇಳಿಸುತ್ತದೆ. ಅವರ ತಪ್ಪು ಅದರಲ್ಲಿ ಕಡಿಮೆ, ಕಲಿಸಿದವರದು ಹೆಚ್ಚು.

ಮೇಷ್ಟ್ರು: ಹಾಗಿದ್ದರೆ ಮೊದಲ ಪಾಠ ಯಾವುದಿರಬೇಕು?

ಯುವತಿ: ‘ಬನ್ನಿ, ಕೂತ್ಕೊಳ್ಳಿ, ಹೇಳಿ’. ಕಾರ್ಖಾನೆಗಳಲ್ಲಿ, ಕಾಲೇಜುಗಳಲ್ಲಿ ಹೊಸಬರಿಗೆ ಕನ್ನಡ ಕಲಿಸುವವರೆಲ್ಲ ಈ ಮೂರರಿಂದಲೇ ಶುರುಮಾಡಲಿ. ಮಗಾ ಕಲಿಸಲು ಯಾರೂ ಬೇಕಾಗಿಲ್ಲ.